ದೀಪಗಳ ಸರದಿ

ಮನೆಯ ದೀಪಗಳನ್ನು ನಡೆಸುತ್ತಿದ್ದ ಹಳೇ ಪೆಟ್ಟಿಗೆ ಸುಟ್ಟುಹೋದದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಚಪ್ಪಲಿ ಗೂಡಿನ ಮೇಲ್ಗಡೆ ಗೋಡೆಗೆ ಅಂಟಿಕೊಂಡು, ಸಾಬೂನಿನ ಡಬ್ಬಿಯಷ್ಟೇ ಇದ್ದ ಅದು ಒಮ್ಮೆ ಚಟ್ ಎಂದಿತು, ಒಂದೆಳೆ ಹೊಗೆ ಬಿಟ್ಟಿತು, ಸುಮ್ಮನಾಯಿತು. ಮನೆಯಲ್ಲಿ ಹೊತ್ತಿದ್ದ ಒಂದೇ ಒಂದು ದೀಪವೂ ಆರಿತು. ಅಡುಗೆಮನೆಯ ಕಡೆ ಹೊರಟಿದ್ದ ಅತ್ತೆ ನಿಂತಲ್ಲೇ ನಿಂತರು.

"ಏನಾಯ್ತೇ? ಕತ್ತಲಾಯ್ತಲ್ಲ."

"ಪೆಟ್ಟಿಗೆ ಹೋಯ್ತು ಅತ್ತೆ," ಎಂದಳು ಸೊಸೆ.

"ಅವನ ಹಿಂದೇನೇ ಹೋಯ್ತು ಅನ್ನು. ಒಂದು ವರ್ಷ ತಡ ಮಾಡ್ತು, ಅಷ್ಟೇ."

ಅತ್ತೆಯ ಬಾಯಿ ಹಾಗೇ. ಅಮ್ಮನ ಬಾಯಿಗೆ ಹೆದರಿ ಯಮನೂ ಈ ಮನೆ ಕಡೆ ತಲೆ ಹಾಕಲ್ಲ ಎಂದು ಮಗ ತಮಾಷೆ ಮಾಡುತ್ತಿದ್ದ. ಕೊನೆಗೆ ಯಮ ತಲೆ ಹಾಕಿದ್ದು ಅವನಿಗಾಗಿಯೇ. ಎದೆ ಹಿಡಿದ ಹಾಗಾಗ್ತಿದೆ, ಸ್ವಲ್ಪ ನೀರು ಕೊಡು ಅಂತ ಅಮ್ಮನನ್ನು ಕೇಳಿದವನು, ಅಮ್ಮ ಗೋಡೆ ತಡವಿಕೊಂಡು ನೀರು ತರುವಷ್ಟರಲ್ಲಿ ಹೊರಟೇಹೋಗಿದ್ದ. ಸೊಸೆ ಆಫೀಸಿನಿಂದ ಓಡೋಡಿ ಬಂದಾಗ ನೋಡಲು ಮುಖವಿತ್ತು, ಮಾತಾಡಲು ಜೀವವಿರಲಿಲ್ಲ. ಅತ್ತೆಗಾದರೂ ಕೊನೆಯ ಮಾತು ಸಿಕ್ಕಿತು, ತನಗೇನು ಸಿಕ್ಕಿತು ಎಂದು ಅವಳು ಒಳಗೊಳಗೇ ಲೆಕ್ಕ ಹಾಕುತ್ತಿದ್ದಳು. ಇಂಥ ಲೆಕ್ಕ ಹಾಕಬಾರದು ಎಂಬುದು ಅವಳಿಗೂ ಗೊತ್ತಿತ್ತು.

ಅತ್ತೆ ಆಯುಷ್ಯವೆಲ್ಲ ಊರಿನ ಹೆಂಗಸರಿಗೆ ಬಟ್ಟೆ ಹೊಲಿದವರು. ಸೂಜಿಗೆ ದಾರ ಪೋಣಿಸಿ ಪೋಣಿಸಿಯೇ ಕಣ್ಣು ಸವೆಯಿತು ಎಂದು ಅವರು, ಅದು ಕಾಯಿಲೆ ಎಂದು ಡಾಕ್ಟರು. ಯಾರ ಮಾತಾದರೂ ನಿಜವಿರಲಿ, ಈಗ ಅವರಿಗೆ ಉಳಿದಿದ್ದದ್ದು ಬೆಳಕು ಮತ್ತು ಕತ್ತಲು, ಅಷ್ಟೇ. ನಾಲ್ಕೂ ಕಡೆಯಿಂದ ಬಿಸಿಲು ಬಂದರೆ ಅವರಿಗೆ ದಿಕ್ಕೇ ತಪ್ಪುತ್ತಿತ್ತು. ಅದಕ್ಕಾಗಿ ಆ ಮನೆಯಲ್ಲಿ ಹಗಲಿಡೀ ದಪ್ಪನೆಯ ಪರದೆ ಎಳೆದಿರುತ್ತಿತ್ತು. ಕಟ್ಟಡಗಳಿಗೆ ವೈರಿಂಗ್ ಮಾಡುವ ಉದ್ಯೋಗದ ಮಗ ಅಮ್ಮನಿಗೆಂದು ಆರು ಪುಟ್ಟ ದೀಪ ಹಾಕಿ, ಅವು ಹತ್ತುವ ಬಗೆಯನ್ನು ಪ್ರೋಗ್ರಾಮು ಬರೆದು ಆ ಪೆಟ್ಟಿಗೆಗೆ ತುಂಬಿದ್ದ. ಮಂಚದ ಪಕ್ಕದ ಗುಂಡಿ ಒತ್ತಿದರೆ ಒಂದು ದೀಪ ಹತ್ತುತ್ತದೆ. ಅಮ್ಮ ಬೆಳಕು ಕಂಡ ಕಡೆ ನಡೆದು ಹೋಗಿ, ಅಲ್ಲಿಯ ಕೆಲಸ ಮುಗಿಸಿ, ಮನಸ್ಸಾದಾಗ ದೀಪದ ಕೆಳಗಿನ ಹಿತ್ತಾಳೆ ಬಿಲ್ಲೆ ಮುಟ್ಟಬೇಕು. ಟಿಕ್ ಎಂದು ಅದು ಆರಿ ಮುಂದಿನದು ಹತ್ತುತ್ತದೆ. ಯಾವಾಗಲೂ ಒಂದೇ ದೀಪ. ಎರಡು ಹತ್ತಿಸಿದರೆ ಅಮ್ಮ ಎರಡಕ್ಕೂ ಬೈತಾಳೆ ಎನ್ನುತ್ತಿದ್ದ.

ದೀಪಗಳಿಗೆ ನಂಬರು ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆಸಾಮಿಗೆ ಹೆಸರಿಡುವ ಹುಚ್ಚು. ಮಂಚದ ಪಕ್ಕದ್ದು ದೊರೆ, ಬಚ್ಚಲಿನದು ನಲ್ಲಿ, ಒಲೆಯ ಪಕ್ಕ ಸದಾ ಬಿಸಿಯಾಗಿರುವುದರಿಂದ ಅಡುಗೆಮನೆಯದು ಮಾವ. ನಡುಮನೆಯ ಕಿಟಕಿಯ ಕೆಳಗಿನದು ಬೆಕ್ಕು. ಅವನ ಕೆಲಸದ ಮೇಜಿನದು ಮೇಷ್ಟ್ರು. ಹಿಂದಿನ ಬಾಗಿಲಾಚೆ, ಕಬ್ಬಿಣದ ಮೆಟ್ಟಿಲ ಕಟ್ಟೆಯ ಮೇಲಿನದು ಹೊರಗಿನವನು. ಸರದಿಯೂ ಹೀಗೇ. ಎದ್ದು ಬಚ್ಚಲು, ತಿಂಡಿ, ಕಿಟಕಿಯ ಬಳಿ ರೇಡಿಯೋ, ಮಧ್ಯಾಹ್ನ ಮಗನ ಮೇಜಿನ ಪಕ್ಕ ಹರಟೆ, ಸಂಜೆ ಸೊಸೆ ಬಂದ ಮೇಲೆ ಅವಳ ಕೈ ಹಿಡಿದು ಹೊರಗಿನ ಗಾಳಿ.

ಈಚೆಗೆ ಆ ಹೊರಗಿನ ಗಾಳಿಗೆ ಕತ್ತರಿ ಬಿದ್ದಿತ್ತು. ತುಕ್ಕು ಹಿಡಿದಿದೆ ಎಂದು ಕಟ್ಟಡದ ಯಜಮಾನ ವೆಲ್ಡಿಂಗಿನವನನ್ನು ಕರೆಸಿ ಕಟ್ಟೆಯ ಕಂಬಿಗಳನ್ನೆಲ್ಲ ಕತ್ತರಿಸಿ ಹಾಕಿಸಿದ್ದ. ಹೊಸ ಕಂಬಿ ನಾಳೆ ಬರುತ್ತದೆ ಎಂದು ವೆಲ್ಡಿಂಗಿನವನು ದಿನವೂ ಹೇಳುತ್ತಿದ್ದ. ಕಂಬಿಗೆ ಬಿಗಿದಿದ್ದ ದೀಪವನ್ನು ಮೇಲಿನ ಅಂತಸ್ತಿನ ತೊಲೆಯಿಂದ ವೈರಿನಲ್ಲೇ ಇಳಿಬಿಟ್ಟು ಹೋಗಿದ್ದ. ಅದು ಕಟ್ಟೆಯ ಅಂಚಿನಿಂದ ಒಂದು ಕೈ ಆಚೆ ತೂಗುತ್ತಿತ್ತು. ಕೆಳಗೆ ಮೂರು ಅಂತಸ್ತು, ಆಮೇಲೆ ಕಾಂಕ್ರೀಟು. ಸೊಸೆ ಬಾಗಿಲಿಗೆ ಮೇಲಿನ ಚಿಲಕ ಹಾಕಿ, ತೆಗೆಯಬೇಡಿ ಎಂದು ಅತ್ತೆಗೆ ಸಾರಿ ಸಾರಿ ಹೇಳಿದ್ದಳು. ಆ ದೀಪದ ಸರದಿ ಬರುವುದು ಹೇಗೂ ಸಂಜೆ, ತಾನು ಮನೆಯಲ್ಲಿರುವ ಹೊತ್ತಿಗೆ. ಚೌಕಟ್ಟು ಹಿಡಿದು, ಪೊರಕೆಯ ಹಿಡಿಯಿಂದ ಬಿಲ್ಲೆ ಮುಟ್ಟಿದರೆ ದಿನ ಮುಗಿಯುತ್ತಿತ್ತು.

ಸೊಸೆಗೆ ಲಿಫ್ಟ್ ತಯಾರಿಸುವ ಕಂಪನಿಯಲ್ಲಿ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದೇ ಉದ್ಯೋಗ, ಅದಕ್ಕೆ ಸಂಬಳ ಬೇರೆ. ಅತ್ತೆ ಅದೇ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಂಡು ಬಂದಿದ್ದರು. ಹೀಗಾಗಿ ಪೆಟ್ಟಿಗೆ ಬದಲಾಯಿಸುವುದು ಅವಳಿಗೆ ಎಡಗೈ ಕೆಲಸ ಎನಿಸಿತು. ಹಳೇ ಪೆಟ್ಟಿಗೆಯ ಕಂಪನಿ ಬಾಗಿಲು ಹಾಕಿತ್ತು. ಅಂದು ಸಂಜೆ ಅಂಗಡಿಯವನು ಇನ್ಯಾರೋ ಮಾಡಿದ್ದನ್ನು ಕೊಟ್ಟ.

"ಭಾಷೆ ಅದೇ ಮೇಡಂ. ಹಳೇದು ಏನು ಮಾತಾಡ್ತಿತ್ತೋ ಇದೂ ಅದನ್ನೇ ಮಾತಾಡುತ್ತೆ. ಪ್ರೋಗ್ರಾಮಲ್ಲಿ ಒಂದಕ್ಷರ ಮುಟ್ಟೋದು ಬೇಡ."

ಅವಳು ಮುಟ್ಟಲಿಲ್ಲ. ಮಾರನೆಯ ಬೆಳಿಗ್ಗೆ, ಗಂಡ ಬರೆದಿಟ್ಟದ್ದನ್ನು ಹಾಗೇ ಪೆಟ್ಟಿಗೆಗೆ ತುಂಬಿದಳು. ತುಂಬುವ ಮೊದಲು ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ, ಅಲ್ಲಿ ಓಡಿಸಿ, ಆರೂ ದೀಪ ಮುಟ್ಟಿ ನೋಡಿದಳು. ದೊರೆ, ನಲ್ಲಿ, ಮಾವ, ಬೆಕ್ಕು, ಮೇಷ್ಟ್ರು, ಹೊರಗಿನವನು. ಎಲ್ಲ ಸಾಲಾಗಿ ಬಂದವು. ಕೇಬಲ್ ಕಿತ್ತು, ಪೆಟ್ಟಿಗೆಗೆ ಕರೆಂಟು ಕೊಟ್ಟು, ಹೊತ್ತಾಯಿತೆಂದು ಆಫೀಸಿಗೆ ಓಡಿದಳು.

ಸಂಜೆ ಬಂದರೆ ಅತ್ತೆ, ಮಗ ಹೋದಂದಿನಿಂದ ಸಂಜೆಯವರೆಗೂ ಕೂರುತ್ತಿದ್ದ ಕಿಟಕಿಯ ಬಳಿ ಇರಲಿಲ್ಲ. ಮಗನ ಕೋಣೆಯಲ್ಲಿ, ಅವನ ಕುರ್ಚಿಯಲ್ಲೇ ಕೂತಿದ್ದರು. ತಲೆ ಬಾಚಿರಲಿಲ್ಲ. ಬಚ್ಚಲಿನ ಟವೆಲ್ಲು ಒಣಗಿಕೊಂಡೇ ಇತ್ತು. ಮುಖ ಮಾತ್ರ, ಯಾರೋ ನೆಂಟರು ಬಂದು ಹೋದ ಹಾಗೆ ಅರಳಿತ್ತು.

"ಸ್ನಾನ ಮಾಡ್ಲಿಲ್ವಾ ಅತ್ತೆ?"

"ಪುರುಸೊತ್ತೆಲ್ಲಿ? ಅವನು ಬಂದಿದ್ದ."

"ಯಾರು?"

"ಯಾರು ಅಂತ ಕೇಳ್ತಾಳೆ ನೋಡು. ನಿನ್ನ ಗಂಡ."

ಸೊಸೆ ಚೀಲ ಕೆಳಗಿಟ್ಟಳು. ವಯಸ್ಸಾದವರು ಹೀಗೆ ಶುರು ಮಾಡಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಅವಳು ಅವರಿವರ ಮನೆಯಲ್ಲಿ ನೋಡಿದ್ದಳು. ಹೆದರಿಕೆಯಾಯಿತು. ಅತ್ತೆ ನಿಧಾನವಾಗಿ ಹೇಳಿದರು. ಗುಂಡಿ ಒತ್ತಿದರೆ ಮಂಚದ ದೀಪ ಹತ್ತಲಿಲ್ಲ. ದೂರದಲ್ಲೆಲ್ಲೋ ಟಿಕ್ ಎಂದಿತು. ಯಾರೋ ಆಗಲೇ ಎದ್ದು ಆ ಕಡೆ ಹೋದ ಹಾಗಿತ್ತು. ಅವರು ಬೆಳಕು ಹುಡುಕಿಕೊಂಡು ಹಿಂದೆ ಹಿಂದೆ ಹೋದರು.

ತಂತಿ ಅದಲು ಬದಲಾಗಿರಬೇಕು ಎಂದುಕೊಂಡು ಸೊಸೆ ಮತ್ತೆ ಲ್ಯಾಪ್‌ಟಾಪು ತಂದು ಕೇಬಲ್ ಹಾಕಿ ಓಡಿಸಿದಳು. ದೊರೆ, ನಲ್ಲಿ, ಮಾವ. ಶಾಲೆಯ ಹುಡುಗರ ಹಾಗೆ ಒಂದರ ಹಿಂದೆ ಒಂದು.

"ನೋಡಿ ಅತ್ತೆ, ಸರಿಯಾಗೇ ಇದೆ."

"ನೀನು ಕೂತಾಗ ಸರಿಯಾಗಿರುತ್ತೆ. ನೀನಿದ್ರೆ ಅವನು ಬರಲ್ಲ," ಎಂದರು ಅತ್ತೆ.

ಆ ಮಾತು ಸೊಸೆಗೆ ನಾಟಿತು. ಅಡುಗೆ ಮಾಡುವಾಗಲೂ ನಾಟಿಕೊಂಡೇ ಇತ್ತು. ಹಿಂದಿನ ಬಾಗಿಲ ಕೆಳಗೆ ಹೊರಗಿನವನ ಬೆಳಕಿನ ಗೆರೆ ಕಾಣುತ್ತಿತ್ತು. ಸಂಜೆ ಆ ದೀಪ ಹತ್ತಿರುವುದು ಎಂದಿನ ವಾಡಿಕೆಯಾದ್ದರಿಂದ ಅವಳು ಅದನ್ನು ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ.

ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ. ಬೆಳಿಗ್ಗೆ ಅವಳು ಇರುವಾಗ, ಕೇಬಲ್ ಇರುವಾಗ, ಎಲ್ಲ ನೆಟ್ಟಗೆ. ಅವಳು ಅತ್ತ ಹೋದರೆ ಇತ್ತ ಮನೆಯೊಳಗೆ ಬೇರೆಯೇ ಓಡಾಟ. ಅತ್ತೆ ಆ ಓಡಾಟದ ವಿವರ ಕೊಡುವುದನ್ನೂ ನಿಲ್ಲಿಸಿದರು. ಒಳ್ಳೆ ಸೀರೆ ಉಟ್ಟು ಕೂರತೊಡಗಿದರು. ಸೊಸೆಗೆ ತನ್ನ ಮನೆಯಲ್ಲೇ ತಾನು ಯಾರ ಮಧ್ಯದಲ್ಲೋ ಬಂದು ನಿಂತಿದ್ದೇನೆ ಅನ್ನಿಸಿತು.

ಕೊನೆಗೆ ಆಫೀಸಿನಲ್ಲಿ ತಾತನ ಹತ್ತಿರ ಬಾಯಿ ಬಿಟ್ಟಳು. ತಾತ ಎಂದರೆ ಎದುರು ಮೇಜಿನವನು. ಚಿಕ್ಕ ವಯಸ್ಸಿಗೇ ತಲೆಯೆಲ್ಲ ಬೆಳ್ಳಗಾಗಿ ಆ ಹೆಸರು ಅಂಟಿಕೊಂಡಿತ್ತು. ಅವನು ಪ್ರೋಗ್ರಾಮನ್ನು ಓದಿ ಕೇಳಿದ:

"ಇದನ್ನ ನೀನು ಓಡಿಸಿ ನೋಡಿದ್ದು ಎಲ್ಲಿ?"

"ಲ್ಯಾಪ್‌ಟಾಪಲ್ಲಿ. ಕೇಬಲ್ ಹಾಕಿ."

"ಹಾಗಾದ್ರೆ ದೀಪ ಹತ್ತಿಸಿದ್ದು ಲ್ಯಾಪ್‌ಟಾಪು. ಪೆಟ್ಟಿಗೆ ಸುಮ್ಮನೆ ಕೂತು ನೋಡ್ತಿತ್ತು. ನೀನು ಕೇಬಲ್ ಕಿತ್ತ ಮೇಲೇನೇ ಅದರ ಕೆಲಸ ಶುರು."

ಸೊಸೆಯ ಕಿವಿ ಬಿಸಿಯಾಯಿತು. ನನ್ನ ಮೇಜಿನ ಮೇಲೆ ಸರಿಯಾಗಿಯೇ ಓಡ್ತಿದೆಯಲ್ಲ ಎನ್ನುವವರಿಗೆ ಅವಳು ಎಷ್ಟು ಸಲ ನೀರಿಳಿಸಿರಲಿಲ್ಲ. ಈಗ ಊರಿಗೆಲ್ಲ ಬುದ್ಧಿ ಹೇಳಿದವಳು ತಾನೇ ಹಳ್ಳಕ್ಕೆ ಬಿದ್ದಿದ್ದಳು.

"ಆದ್ರೆ ಭಾಷೆ ಒಂದೇ ಅಲ್ವಾ?"

"ಒಂದೇ. ನಿನ್ನ ಗಂಡ ಆರು ಹೆಸರನ್ನ ಒಂದು ಚೀಲಕ್ಕೆ ಹಾಕಿದಾನೆ, ಒಂದೊಂದೇ ತೆಗಿ ಅಂತ ಬರೆದಿದಾನೆ. ಮೊದಲು ಯಾವುದು ಅಂತ ಬರೆದಿಲ್ಲ. ಹಳೇ ಪೆಟ್ಟಿಗೆ ಮಾಡಿದವರು ಹಾಕಿದ ಸರದೀಲೇ ತೆಗೀತಿದ್ರು, ನಿನ್ನ ಲ್ಯಾಪ್‌ಟಾಪೂ ಹಾಗೇ. ಇದನ್ನ ಮಾಡಿದವರು ಹೆಸರನ್ನ ಕುಟ್ಟಿ ಪುಡಿ ಮಾಡಿ, ಪುಡಿ ನೋಡಿ ಜಾಗ ಕೊಡ್ತಾರೆ. ಕುಟ್ಟೋ ರೀತೀನೂ, ಕರೆಂಟು ಬಂದು ಪೆಟ್ಟಿಗೆ ಎದ್ದಾಗೆಲ್ಲ ಬದಲಾಗುತ್ತೆ. ಯಾರೂ ಮುಂಚೇನೇ ಊಹಿಸಬಾರದು ಅಂತ."

"ಆ ಭಾಷೆಯ ನಿಯಮದ ಪುಸ್ತಕದಲ್ಲಿ ಏನಿದೆ?"

"ಏನೂ ಇಲ್ಲ. ಸರದಿ ಬಗ್ಗೆ ಅದು ಬಾಯೇ ಬಿಟ್ಟಿಲ್ಲ. ಅದು ಬಾಯಿ ಬಿಡದ ಕಡೆ ಒಬ್ಬೊಬ್ಬರು ಒಂದೊಂದು ಥರ. ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ. ಯಾರನ್ನೂ ತಪ್ಪು ಅನ್ನೋ ಹಾಗಿಲ್ಲ."

ಕಪಾಟಿನಲ್ಲಿ ಅದೇ ಕಂಪನಿಯ ಪೆಟ್ಟಿಗೆ ಒಂದಿತ್ತು. ತಾತ ಅದಕ್ಕೆ ಪ್ರೋಗ್ರಾಮು ತುಂಬಿ ಕರೆಂಟು ಕೊಟ್ಟ. ಕಂಪ್ಯೂಟರಿನ ಪರದೆಯ ಮೇಲೆ ಹೆಸರುಗಳು ಬಂದವು: ಮಾವ, ದೊರೆ, ಹೊರಗಿನವನು. ಕಿತ್ತು ಮತ್ತೆ ಕೊಟ್ಟ: ನಲ್ಲಿ, ಹೊರಗಿನವನು, ಬೆಕ್ಕು. ಇನ್ನೊಮ್ಮೆ: ಹೊರಗಿನವನು, ಮೇಷ್ಟ್ರು, ದೊರೆ. ಪ್ರತಿ ಸಲವೂ ಬೇರೆ ಸರದಿ.

ಹೊರಗಿನವನು ಎಲ್ಲಿ ಬೇಕಾದರೂ ಬರಬಹುದು ಎಂಬುದು ಅವಳ ತಲೆಗೆ ಹೊಕ್ಕಿದ್ದು ಆಗ. ಬೆಳಿಗ್ಗೆ ಬರಬಹುದು. ಅತ್ತೆ ಒಬ್ಬರೇ ಇರುವಾಗ ಬರಬಹುದು. ಕಂಬಿಯಿಲ್ಲದ ಕಟ್ಟೆಯ ಆಚೆ ತೂಗುವ ಬೆಳಕನ್ನು, ಮಗ ಕರೆದ ಎಂದು ನಂಬಿದ ಕುರುಡು ಮುದುಕಿ ಮುಟ್ಟಲು ಹೋಗಬಹುದು. ಅವಳು ಮನೆಗೆ ಫೋನು ಮಾಡಿದಳು. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ತಾತ ಏನೋ ಹೇಳುತ್ತಿದ್ದ. ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಬೀಗ ತೆಗೆದಾಗ ಮನೆ ತಣ್ಣಗಿತ್ತು. ಅತ್ತೆ ಅಡುಗೆಮನೆಯ ಮಣೆಯ ಮೇಲೆ ಮಡಿಲಲ್ಲಿ ಕೈಯಿಟ್ಟು ಕೂತಿದ್ದರು. ನಡು ಹಗಲು, ಆದರೂ ಹಿಂದಿನ ಬಾಗಿಲ ಕೆಳಗೆ ಹೊರಗಿನವನ ಹಳದಿ ಬೆಳಕು ಗೆರೆ ಎಳೆದಿತ್ತು. ಸೊಸೆ ನಿಂತಲ್ಲೇ ಏದುಸಿರು ಬಿಟ್ಟಳು.

"ಫೋನ್ ಯಾಕೆ ಎತ್ತಲಿಲ್ಲ?"

"ಎದ್ದು ಬರೋ ಹೊತ್ತಿಗೆ ನಿಂತುಹೋಯ್ತು. ಯಾಕೆ, ಬೆಂಕಿ ಬಿದ್ದಿದೆಯಾ?"

"ಆ ಬಾಗಿಲು ತೆಗೆದ್ರಾ ನೀವು?"

"ತೆಗೀಬೇಡ ಅಂತ ನೀನು ಹೇಳಿದೀಯಲ್ಲ."

ಸೊಸೆ ಸೀದಾ ಚಪ್ಪಲಿ ಗೂಡಿನ ಹತ್ತಿರ ಹೋಗಿ ಪೆಟ್ಟಿಗೆಯ ವೈರು ಕಿತ್ತಳು. ಬಾಗಿಲ ಕೆಳಗಿನ ಗೆರೆ ಮಾಯವಾಯಿತು. ಅತ್ತೆ ಮಣೆಯಿಂದ ಎದ್ದರು.

"ಏನು ಕಿತ್ತೆ?"

ಸೊಸೆ ಎಲ್ಲವನ್ನೂ ಹೇಳಿದಳು. ಚೀಲ, ಕುಟ್ಟುವುದು, ಪುಡಿ, ಬಾಯಿ ಬಿಡದ ನಿಯಮದ ಪುಸ್ತಕ. ಒಂದು ಸಾಲು ಬದಲಾಯಿಸಿದರೆ ಹಳೇ ಸರದಿ ಬರುತ್ತದೆ, ಅರ್ಧ ಗಂಟೆಯ ಕೆಲಸ ಎಂದಳು. ಅತ್ತೆ ಹೊಲಿಗೆಯ ಅಳತೆ ಕೇಳಿಸಿಕೊಳ್ಳುವವರ ಹಾಗೆ ತಲೆ ಓರೆ ಮಾಡಿ ಪೂರ್ತಿ ಕೇಳಿದರು.

"ಮುಗೀತಾ? ಈಗ ವೈರು ಹಾಕು. ಅದಕ್ಕೆ ಕೈ ಹಚ್ಚಬೇಡ."

"ಅತ್ತೆ, ಅದು ಅವರಲ್ಲ. ಅದಕ್ಕೆ ಗೊತ್ತೂ ಇಲ್ಲ, ಗುರಿಯೂ ಇಲ್ಲ. ಚೀಲಕ್ಕೆ ಕೈ ಹಾಕಿದಾಗ ಸಿಕ್ಕಿದ್ದು."

"ಸಿಕ್ಕಿದ್ದು ಏನು ಅಂತ ಕೇಳು ಮೊದಲು. ಮೊದಲು ಕಿಟಕಿ. ರಸ್ತೇಲಿ ಯಾರು ಹೋಗ್ತಿದಾರೆ ಅಂತ ನೋಡದಿದ್ರೆ ಅವನಿಗೆ ಬೆಳಗಾಗ್ತಿರಲಿಲ್ಲ. ಆಮೇಲೆ ಮೇಜು, ನಿನ್ನೆ ಬಿಟ್ಟ ಕೆಲಸ ಹಾಗೇ ಇದೆಯಾ ಅಂತ. ಆಮೇಲೆ ಅಡುಗೆಮನೆ, ಡಬ್ಬಿ ತಡಕೋಕೆ. ದಿನಾ ಇದೇ. ಒಂದು ದಿನವೂ ಹಿಂದೆ ಮುಂದೆ ಆಗಿಲ್ಲ. ನಿಂಗೆ ಗೊತ್ತಾಗಲ್ವೇನೇ? ಗಂಡ ತಾನೆ ನಿನಗೆ?"

ಸೊಸೆಗೆ ಗೊತ್ತಾಯಿತು. ಕಿಟಕಿ, ಮೇಜು, ಡಬ್ಬಿ. ಡಬ್ಬಿ ಆದ ಮೇಲೆ ಕೈಯಲ್ಲಿ ಬಿಸಿ ಲೋಟ ಹಿಡಿದು ಹಿಂದಿನ ಬಾಗಿಲು ತೆಗೆದು ಕಟ್ಟೆಯ ಮೇಲೆ ನಿಲ್ಲುತ್ತಿದ್ದ. ಅವಳು ತಯಾರಾಗಿ ಬರುವವರೆಗೂ ನಿಂತಿರುತ್ತಿದ್ದ. ಅತ್ತೆ ಆ ನಾಲ್ಕನೆಯದನ್ನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ವೈರು ಸಿಕ್ಕಿಸಿ ಗುಂಡಿ ಒತ್ತಿದಳು. ಟಿಕ್. ಬೆಕ್ಕು. ಮುಟ್ಟಿದರೆ ಮೇಷ್ಟ್ರು, ಮುಟ್ಟಿದರೆ ಮಾವ. ಮಾವನನ್ನು ಮುಟ್ಟಿದರೆ ಬಾಗಿಲ ಕೆಳಗೆ ಹಳದಿ ಗೆರೆ. ವೈರು ಕಿತ್ತಳು, ಹಾಕಿದಳು. ಬೆಕ್ಕು, ಮೇಷ್ಟ್ರು, ಮಾವ, ಹೊರಗಿನವನು. ಎದ್ದಾಗೆಲ್ಲ ಬದಲಾಗಬೇಕು ಎಂದು ತಾತ ಹೇಳಿದ್ದ, ಬದಲಾದದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಸಾಕು ಸಾಕು ಎನಿಸುವವರೆಗೆ ಕಿತ್ತು ಹಾಕಿ ನೋಡಿದಳು. ಆ ಮನೆಯಲ್ಲಿ, ಆ ಗೋಡೆಯ ಮೇಲೆ, ಅದು ಬದಲಾಗಲಿಲ್ಲ. ಅತ್ತೆ ನಗುತ್ತಿದ್ದರು.

ಹೊರಗಿನವನ ಹೆಸರೊಂದನ್ನು ಅಳಿಸಿದ್ದರೆ ಆವತ್ತೇ ಎಲ್ಲ ಮುಗಿಯುತ್ತಿತ್ತು. ಅವಳು ಲ್ಯಾಪ್‌ಟಾಪು ತೆರೆದಳು, ಆ ಸಾಲಿನ ಮೇಲೆ ಬೆರಳಿಟ್ಟಳು, ಮತ್ತೆ ಮುಚ್ಚಿದಳು. ಒಂದು ಹೆಸರು ಹೋದರೆ ಉಳಿದ ಐದರ ಸರದಿಯೂ ಕಲಸಿಹೋಗಬಹುದು. ಹೇಗೂ ನಾಳೆ ರಜೆ ಹಾಕಿ ಮನೆಯಲ್ಲೇ ಇರುತ್ತೇನೆ, ಅತ್ತೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆ, ಅವಸರವೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಮಾಧಾನದ ಅಡಿಯಲ್ಲಿ ಶುದ್ಧ ಹೊಟ್ಟೆಕಿಚ್ಚಿತ್ತು. ಅಮ್ಮನ ಹತ್ತಿರ ದಿನಾ ಬರುವವನು ತನ್ನ ಹತ್ತಿರ ಒಂದು ಸಲವಾದರೂ ಬರಬಾರದೇ.

ಮಾರನೆಯ ದಿನ ಊಟವಾದ ಮೇಲೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಉಸಿರು ಸಮವಾಯಿತು. ಸೊಸೆ ಪರದೆಗಳ ಸಂದು ಮುಚ್ಚಿದಳು, ಮೊಬೈಲನ್ನು ಬೋರಲು ಹಾಕಿದಳು, ಅತ್ತೆಯ ಮಂಚದ ಗುಂಡಿಯನ್ನು ಮೆಲ್ಲಗೆ ಒತ್ತಿದಳು.

ನಡುಮನೆಯಿಂದ ಟಿಕ್ ಎಂದು ಕೇಳಿಸಿತು.

ಕಿಟಕಿಯ ಬಳಿ ಹೋದಳು. ದೀಪದ ಮೇಲೆ ಪರದೆಯ ಅಂಚು ಸ್ವಲ್ಪ ಸರಿದಿತ್ತು. ಅವಳು ಈಗ ತಾನೇ ಮುಚ್ಚಿದ್ದ ಪರದೆ. ಗಾಳಿಗಿರಬೇಕು. ಬಿಲ್ಲೆ ಮುಟ್ಟಿದಳು. ಅವನ ಕೋಣೆಯಲ್ಲಿ ಬೆಳಕಾಯಿತು. ಮೇಜಿನ ಮೇಲೆ ಅವನು ಬಿಟ್ಟುಹೋದ ವೈರಿನ ತುಂಡುಗಳು, ಇಕ್ಕಳ, ಅರ್ಧ ಸುಲಿದ ತಂತಿ ಎಲ್ಲ ಹಾಗೇ ಇದ್ದವು. ಹಿತ್ತಾಳೆ ಬಿಲ್ಲೆ ಬೆಚ್ಚಗಿತ್ತು. ದೀಪ ಹತ್ತಿದ್ದರಿಂದ ಬೆಚ್ಚಗಿರುತ್ತದೆ, ಅದರಲ್ಲೇನಿದೆ ಎಂದುಕೊಂಡಳು. ಈಗ ತಾನೇ ಹತ್ತಿದ್ದು ಎಂಬುದು ಅಡುಗೆಮನೆಗೆ ಬಂದ ಮೇಲೆ ನೆನಪಾಯಿತು. ಆದರೂ ನಿಲ್ಲಲಿಲ್ಲ. ಈಗ ಅವಳಿಗೆ ಭಯಕ್ಕಿಂತ ಅವಸರ ಹೆಚ್ಚಾಗಿತ್ತು. ಮುಂದಿನ ತಿರುವಿನಲ್ಲಿ ಯಾರದೋ ಬೆನ್ನು ಕಂಡೇಬಿಡುತ್ತದೆ ಎನ್ನುವಂಥ ಅವಸರ. ಮಾವನನ್ನು ಮುಟ್ಟಿದಳು.

ಹಿಂದಿನ ಬಾಗಿಲ ಕೆಳಗೆ ಹಳದಿ ಗೆರೆ ಮೂಡಿತು. ಗೆರೆಯ ನಡುವೆ ಎರಡು ಕಡೆ ಕತ್ತಲಿತ್ತು, ಯಾರೋ ಎರಡು ಕಾಲೂರಿ ಆಚೆ ನಿಂತ ಹಾಗೆ.

ಅವಳಿಗೆ ಎಲ್ಲ ಗೊತ್ತಿತ್ತು. ಚೀಲ ಗೊತ್ತಿತ್ತು, ಕುಟ್ಟುವ ಬಗೆ ಗೊತ್ತಿತ್ತು, ಕಂಬಿ ಇಲ್ಲದ್ದು ಗೊತ್ತಿತ್ತು. ಅಂಗೈ ಹುಣ್ಣಿನ ಹಾಗೆ ಕಣ್ಣೆದುರೇ ಇತ್ತು. ಆದರೂ ಕೈ ಮೇಲೆ ಹೋಗಿ ಚಿಲಕ ಸರಿಸಿತು. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಅಂಚಿನಾಚೆ, ಒಂದು ಕೈ ದೂರದಲ್ಲಿ, ದೀಪ ಸಣ್ಣಗೆ ತೂಗುತ್ತಿತ್ತು. ಅದರ ಬಿಲ್ಲೆ ಹೊಳೆಯುತ್ತಿತ್ತು. ಇನ್ನೊಂದು ಹೆಜ್ಜೆ ಹಾಕಿ ಕೈ ಚಾಚಿದರೆ ಸಿಗುತ್ತದೆ. ಮುಟ್ಟಿದರೆ ಮುಂದಿನ ದೀಪ ಎಲ್ಲಿ ಹತ್ತುತ್ತದೋ ಅಲ್ಲಿ ಅವನಿರುತ್ತಾನೆ, ಇನ್ನೊಂದೇ ಒಂದು ದೀಪ. ಅವಳ ಕಾಲು ಹೊಸ್ತಿಲು ದಾಟಿತು.

"ಅಲ್ಲಿ ಯಾರು? ನೀನಾ, ಅವನಾ?"

ಅತ್ತೆಯ ಧ್ವನಿ ಬೆನ್ನ ಹಿಂದೆಯೇ ಇತ್ತು. ಗೋಡೆಗೆ ಕೈಯಾನಿಸಿ ನಿಂತಿದ್ದರು.

"ನಾನು ಅತ್ತೆ," ಎಂದಳು ಸೊಸೆ. ಧ್ವನಿ ಅವಳದೇ ಅನ್ನಿಸಲಿಲ್ಲ.

"ನೀನಾದ್ರೆ ಒಳಗೆ ಬಾ."

ಅವಳು ಬರಲಿಲ್ಲ. ಅತ್ತೆ ತಡವಿಕೊಂಡು ಬಂದು, ಮೊದಲು ಅವಳ ಜಡೆ, ಆಮೇಲೆ ಭುಜ, ಆಮೇಲೆ ರಟ್ಟೆ ಹಿಡಿದು, ಬಟ್ಟೆ ಎಳೆದ ಹಾಗೆ ಒಳಗೆ ಎಳೆದುಕೊಂಡರು. ಬಾಗಿಲು ಹಾಕಿ ಚಿಲಕವನ್ನು ತಡಕಾಡದೆ ಒಂದೇ ಸಲಕ್ಕೆ ಜಡಿದರು. ಚಿಲಕ ಎಲ್ಲಿದೆ ಎಂಬುದು ಅವರ ಕೈಗೆ ಚೆನ್ನಾಗಿ ಪಾಠವಾಗಿತ್ತು. ಸೊಸೆ ಅದನ್ನು ನೋಡಿದಳು.

"ನೀವು ಇಲ್ಲಿಗೆ ಬಂದಿದೀರಿ."

"ದಿನಾ ಬಂದಿದೀನಿ. ದಿನಾ ಇಲ್ಲಿಗೇ ಕರ್ಕೊಂಡು ಬರ್ತಾನೆ. ಚಿಲಕ ತೆಗೆದು ನಿಂತಿದೀನಿ, ಆಚೆಯಿಂದ ಬೆಳಕು, ಗಾಳಿ, ಎಲ್ಲ. ಕಾಲು ಮುಂದಿಟ್ರೆ ಏನಾಗುತ್ತೆ ಅಂತ ನಂಗೆ ಗೊತ್ತಿಲ್ವಾ? ಕಣ್ಣು ಹೋಗಿದೆ, ಬುದ್ಧಿ ಹೋಗಿಲ್ಲ. ಬರೋಕಾಗಲ್ಲ ಕಣೋ, ನಾನು ಬಂದ್ರೆ ಇವಳೊಬ್ಬಳೇ ಆಗ್ತಾಳೆ ಅಂತ ಅವನಿಗೆ ಹೇಳಿದೆ. ದಿನಾ ಅದನ್ನೇ ಹೇಳಿ, ಬಾಗಿಲು ಹಾಕಿ, ಹೋಗಿ ಮಣೆ ಮೇಲೆ ಕೂತ್ಕೊತಿದ್ದೆ."

ಸೊಸೆ ನೆಲದ ಮೇಲೆ ಕೂತಳು. ಅತ್ತೆ ಪಕ್ಕದಲ್ಲೇ ಕೂರಲು ಜಾಗ ಹುಡುಕಿದರು.

"ನೀನು ನನ್ನ ಬಗ್ಗೆ ಒಂದು ಸಲನಾದ್ರೂ ಹಾಗೆ ಅಂದ್ಕೊಂಡ್ಯೇನೇ? ನಾನೊಬ್ಬಳೇ ಆಗ್ತೀನಿ ಅಂತ?"

ಇಲ್ಲ. ಒಂದು ಸಲವೂ ಅಂದುಕೊಂಡಿರಲಿಲ್ಲ. ಅತ್ತೆಯನ್ನು ಕಾಯುವವಳು ತಾನು ಎಂದುಕೊಂಡಿದ್ದಳು. ಕಾಯುತ್ತಿದ್ದವರು ಯಾರು ಎಂಬುದು ಈಗ ಆ ನೆಲದ ಮೇಲೆ ಕೂತಾಗ ತಿಳಿಯಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು, ವರ್ಷದ ಅಳು. ಅತ್ತೆ ತಡೆಯಲಿಲ್ಲ, ಸೆರಗಿನಿಂದ ಅವಳ ಮೂಗು ಒರೆಸಿ, ನೆಗಡಿ ಮಾಡ್ಕೋಬೇಡ ಎಂದರು. ಬಾಗಿಲ ಕೆಳಗಿನ ಗೆರೆ ಹಾಗೇ ಇತ್ತು.

"ಅದನ್ನ ಸರಿ ಮಾಡಿಬಿಡು," ಎಂದರು ಅತ್ತೆ.

"ನೀವೇ ಬೇಡ ಅಂದ್ರಿ."

"ನನ್ನ ಕರೆದಾಗ ಪರವಾಗಿರ್ಲಿಲ್ಲ. ಬೇಡ ಅಂತ ಹೇಳೋಕೆ ನಂಗೆ ಬರುತ್ತೆ. ನಿನ್ನ ಕರೀತಾನೆ ಅಂದ್ರೆ ಬೇಡ. ಈಗ್ಲೇ ಮಾಡು, ನಂಗೆ ಮತ್ತೆ ಮನಸ್ಸು ಬದಲಾಗೋದ್ರೊಳಗೆ."

ಸೊಸೆ ಗಂಡನ ಮೇಜಿನ ಮುಂದೆಯೇ ಕೂತು ಮಾಡಿದಳು. ಹೆಸರುಗಳನ್ನು ಚೀಲದಿಂದ ತೆಗೆದು ಒಂದರ ಕೆಳಗೊಂದು ಬರೆದು, ಯಾವುದರ ನಂತರ ಯಾವುದು ಎಂದು ನಿಯಮದ ಪುಸ್ತಕ ಒಪ್ಪುವ ರೀತಿಯಲ್ಲಿ ಕಟ್ಟಿಹಾಕಿದಳು. ಯಾವ ಕಂಪನಿಯ ಪೆಟ್ಟಿಗೆ ಬಂದರೂ ಇನ್ನು ಬೇರೆ ಅರ್ಥ ಮಾಡುವ ಹಾಗಿರಲಿಲ್ಲ. ಹೊರಗಿನವನನ್ನು ಅಳಿಸಿದಳು. ಈ ಸಲ ಕೇಬಲ್ ಕಿತ್ತು, ಪೆಟ್ಟಿಗೆಯಲ್ಲೇ ಓಡಿಸಿ ನೋಡಿದಳು. ಅತ್ತೆ ಪಕ್ಕದಲ್ಲಿ ನಿಂತು, ಒಂದೊಂದು ಟಿಕ್ ಎಲ್ಲಿಂದ ಬಂತು ಎಂದು ಕಿವಿಗೊಟ್ಟು ಕೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಸೊಸೆ ಆಫೀಸಿನ ಬಟ್ಟೆ ಹಾಕಿಕೊಂಡು, ಕೋಣೆಯ ಬಾಗಿಲಲ್ಲಿ ನಿಂತಳು. ಅತ್ತೆ ಎದ್ದು ಕೂತು ಗುಂಡಿ ಒತ್ತಿದರು. ಮಂಚದ ದೀಪ ಹತ್ತಿತು. ಮುಟ್ಟಿದರು, ಬಚ್ಚಲಿನದು ಹತ್ತಿತು. ಅವರು ಎದ್ದು ಆ ಬೆಳಕಿನ ಕಡೆ ನೆಟ್ಟಗೆ, ಎಲ್ಲೂ ನಿಲ್ಲದೆ ನಡೆದರು. ಬಚ್ಚಲಿನ ಬಾಗಿಲಲ್ಲಿ ಒಮ್ಮೆ ತಿರುಗಿ, ಕಿಟಕಿಯ ಕಡೆ, ಮೇಜಿನ ಕೋಣೆಯ ಕಡೆ ಮುಖ ಮಾಡಿದರು. ಎರಡೂ ಕಡೆ ಕತ್ತಲಿತ್ತು.

"ಸರಿಯಾಗಿದೆ ಕಣೇ," ಎಂದರು. "ಯಾರೂ ಇಲ್ಲ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿದರು. ನೀರು ಬಕೆಟ್ಟಿಗೆ ಬೀಳತೊಡಗಿತು, ಬಕೆಟ್ಟು ತುಂಬಿ ನೆಲಕ್ಕೆ ಹರಿಯತೊಡಗಿತು, ಆ ಸದ್ದಿನ ಅಡಿಯಲ್ಲಿ ಅಳು ಕೇಳಿಸಿತು. ಆಫೀಸಿಗೆ ಹೊತ್ತಾಗಿತ್ತು. ಸೊಸೆ ಚೀಲವನ್ನು ಕೆಳಗಿಟ್ಟು ಬಚ್ಚಲಿನ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ನಲ್ಲಿ ನಿಲ್ಲುವವರೆಗೂ ಅಲ್ಲೇ ಕೂತಿದ್ದಳು.